ದುರ್ಗದ ಹಿತ್ತಲಲ್ಲಿ ಹಾಪ್ಸ್ ಬಳ್ಳಿ: ಕತ್ತದ ಹಗ್ಗ, ಬಾವಿ ರಾಟೆ, ಐದು ಬಲ್ಬು

ಮೊನ್ನೆ ಒಣಗಿಸಿ ತೂಕ ಹಾಕಿದೆ. 46 ಗ್ರಾಂ ಬಂತು. ಕೊಯ್ದ ದಿನ 210 ಗ್ರಾಂ ಇತ್ತು. ಚಿತ್ರದುರ್ಗದಲ್ಲಿ, ನಮ್ಮ ಮನೆ ಹಿತ್ತಲಲ್ಲಿ ಬೆಳೆದ ಹಾಪ್ಸ್ ಇದು, ಬಿಯರಿಗೆ ಕಹಿ ಮತ್ತು ಘಮ ಕೊಡುವ ಅದೇ ಹಾಪ್ಸ್. ಇದರ ಹಿಂದೆ ಬಿದ್ದು ಒಂದು ವರ್ಷದ ಮೇಲಾಯಿತು. ಏನೇನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಪಡಿಸಿದೆ ಅನ್ನೋದನ್ನೆಲ್ಲ ಬರೆದಿಡುತ್ತಿದ್ದೇನೆ. ನಮ್ಮ ಬಯಲುಸೀಮೆಯಲ್ಲಿ ಇನ್ಯಾರಾದರೂ ಕೈ ಹಾಕಿದರೆ, ನಾನು ಕಳೆದುಕೊಂಡ ಮೊದಲ ಆರು ತಿಂಗಳು ಅವರಿಗಾದರೂ ಉಳಿಯಲಿ.

ಹುಚ್ಚು ಹತ್ತಿದ್ದು ಬೆಂಗಳೂರಲ್ಲಿ. ಬ್ರೂ ಪಬ್ ಒಂದರಲ್ಲಿ ಕೆಲಸ ಮಾಡುವ ಗೆಳೆಯ ಒಂದು ಪ್ಯಾಕೆಟ್ ಒಡೆದು ಹಾಪ್ಸಿನ ನಾಲ್ಕು ಹಸಿರು ಗುಳಿಗೆ ನನ್ನ ಅಂಗೈಗೆ ಹಾಕಿ, ಉಜ್ಜಿ ಮೂಸಿ ನೋಡು ಅಂದ. ನೋಡೋಕೆ ಕೋಳಿ ಆಹಾರದ ಹಾಗೆ. ಆದರೆ ವಾಸನೆ! ಮೊದಲು ಮಾವಿನಕಾಯಿ ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಘಾಟು, ಆಮೇಲೆ ಕಾಳುಮೆಣಸು, ಕೊನೆಗೆ ಕೊತ್ತಂಬರಿ ಬೀಜ ಜಜ್ಜಿದ ಹಾಗೆ ಏನೋ ಒಂದು. ನನ್ನ ಕಲ್ಪನೆ ಇರಬೇಕು ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ಹಾಪ್ಸ್ ಎಣ್ಣೆಯಲ್ಲಿರುವ ಮಿರ್ಸೀನ್ ಮಾವಿನಲ್ಲೂ ಇದೆ, ಕ್ಯಾರಿಯೋಫಿಲೀನ್ ಮೆಣಸು ಲವಂಗದಲ್ಲೂ ಇದೆ, ಲಿನಲೂಲ್ ಅನ್ನೋದೇ ಕೊತ್ತಂಬರಿ ಬೀಜದ ಮುಖ್ಯ ಘಮ. ಅಂದರೆ ಮೂಗು ಸರಿಯಾಗೇ ಹೇಳಿತ್ತು. ಈ ಗಿಡವನ್ನು ಹಸಿಯಾಗಿ ನೋಡಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಹಾಪ್ಸ್ ತಂಪು ಸೀಮೆಯ ಬಳ್ಳಿ. ಜರ್ಮನಿಯ ಹಾಲರ್ಟೌ, ಅಮೆರಿಕದ ಯಾಕಿಮಾ ಕಣಿವೆ, ಹೀಗೆ ಹೆಚ್ಚಾಗಿ 35ರಿಂದ 55 ಡಿಗ್ರಿ ಅಕ್ಷಾಂಶದ ನಡುವೆ ಬೆಳೆಯುತ್ತಾರೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ 1970ರ ದಶಕದಿಂದ ಬೆಳೆಯುತ್ತಾ ಬಂದಿದ್ದಾರೆ. ದುರ್ಗ ಇರೋದು 14 ಡಿಗ್ರಿಯಲ್ಲಿ. ಲಾಹೌಲ್ ಕಡೆಯ ಗೆಳೆಯನೊಬ್ಬ ಅಕ್ಟೋಬರ್ ಕೊನೆಗೆ, ಕೊಯ್ಲು ಮುಗಿದ ಮೇಲೆ, ಮೂರು ಬೇರುಗಡ್ಡೆ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟ. ಹೆಬ್ಬೆರಳು ದಪ್ಪ, ಗೇಣುದ್ದ, ಅಲ್ಲಲ್ಲಿ ಬಿಳಿ ಮೊಗ್ಗು. ಹಾಪ್ಸಿನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಬೇಕಾದ ಹೂವು ಹೆಣ್ಣಿನಲ್ಲಿ ಮಾತ್ರ. ಬೀಜ ಹಾಕಿದರೆ ಯಾವುದು ಬರುತ್ತೋ ಗೊತ್ತಿರಲ್ಲ, ಹೆಣ್ಣು ಗಿಡದ ಗಡ್ಡೆ ನೆಟ್ಟರೆ ಆ ಚಿಂತೆ ಇಲ್ಲ.

ಅಲ್ಲಿನ ಚಳಿಗಾಲದ ಬದಲಿಗೆ ನಮ್ಮ ಫ್ರಿಜ್. ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ಗಡ್ಡೆಗಳನ್ನು ಹೂತು, ತರಕಾರಿ ಡಬ್ಬಿಯಲ್ಲಿ ಎಂಟು ವಾರ ಇಟ್ಟೆ. ಒಂದು ಕೊಳೆಯಿತು. ಪುಡಿ ಜಾಸ್ತಿ ಒದ್ದೆಯಾಗಿತ್ತು, ಹಿಂಡಿದರೆ ನೀರು ತೊಟ್ಟಿಕ್ಕುವಷ್ಟು. ಹಿಂಡಿದಾಗ ಉಂಡೆಯಾಗಬೇಕು, ನೀರು ಬರಬಾರದು, ಅಷ್ಟೇ ಇರಬೇಕು. ಉಳಿದ ಎರಡನ್ನು ಜನವರಿ ಮೊದಲ ವಾರ ಮನೆಯ ಪೂರ್ವದ ಗೋಡೆ ಬುಡದಲ್ಲಿ ನೆಟ್ಟೆ. ಬೆಳಗಿನ ಬಿಸಿಲು ಸಿಗುತ್ತದೆ, ಮಧ್ಯಾಹ್ನ ಎರಡರ ಮೇಲೆ ಮನೆಯದೇ ನೆರಳು. ಎರಡು ಅಡಿ ಗುಂಡಿ, ಕೆಂಪು ಮಣ್ಣು, ಸಗಣಿ ಗೊಬ್ಬರ, ಎರಡು ಹಿಡಿ ಹೊಂಗೆ ಹಿಂಡಿ. ಮೇಲೆ ಚಳ್ಳಕೆರೆಯಿಂದ ತರಿಸಿದ ಶೇಂಗಾ ಸಿಪ್ಪೆಯ ಮುಚ್ಚಿಗೆ.

ಹನ್ನೆರಡನೇ ದಿನ ಮೊಳಕೆ. ಕೆಂಪು ಮಿಶ್ರಿತ ನೇರಳೆ ಬಣ್ಣ, ಪೆನ್ಸಿಲ್ ಮೊನೆಯ ಹಾಗೆ. ಒಂದು ತಿಂಗಳಲ್ಲಿ ಮೂರಡಿ ಏರಿತು. ಆಮೇಲೆ ಫೆಬ್ರವರಿ ಕೊನೆಗೆ ನಾಲ್ಕೂವರೆ ಅಡಿಗೆ ನಿಂತೇ ಬಿಟ್ಟಿತು. ಗೊಬ್ಬರ ಹಾಕಿದೆ, ನೀರು ಹೆಚ್ಚಿಸಿದೆ, ಏನೂ ಆಗಲಿಲ್ಲ. ಮಾರ್ಚಿನಲ್ಲಿ ಅಷ್ಟು ಎತ್ತರದಲ್ಲೇ ಹೂ ಬಿಟ್ಟಿತು. ಎರಡೂ ಗಿಡದಿಂದ ಒಟ್ಟು ಹನ್ನೊಂದು ಹೂವು, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡವು. ಬೇಜಾರಾಯಿತು. ಇಪ್ಪತ್ತು ಅಡಿ ಏರಬೇಕಾದ ಬಳ್ಳಿ ಅದು.

ಕಾರಣ ಹುಡುಕಿದಾಗ ಸಿಕ್ಕಿದ್ದು ಬೆಳಕಿನ ಲೆಕ್ಕ. ಉತ್ತರದ ಹಾಪ್ಸ್ ತೋಟಗಳಲ್ಲಿ ಜೂನ್ ಹೊತ್ತಿಗೆ ಹಗಲು 15-16 ಗಂಟೆ ಇರುತ್ತದೆ. ಆ ಉದ್ದ ಹಗಲಲ್ಲಿ ಬಳ್ಳಿ ಬರೀ ಮೇಲೇರುತ್ತದೆ. ಹಗಲು ಕುಗ್ಗತೊಡಗಿದ ಮೇಲೆ, ಇನ್ನು ಸಾಕು ಅಂತ ಹೂವಿಗೆ ತಿರುಗುತ್ತದೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲೇ ಹೆಚ್ಚುಕಮ್ಮಿ 13 ಗಂಟೆ! ಅಂದರೆ ನಮ್ಮ ಊರಿನ ಯಾವ ತಿಂಗಳೂ ಅದಕ್ಕೆ ಹೂ ಬಿಡುವ ತಿಂಗಳೇ. ಮಣ್ಣಿನದ್ದೂ ತಪ್ಪಲ್ಲ, ನೀರಿನದ್ದೂ ತಪ್ಪಲ್ಲ. ಸಂಜೆ ಬೇಗ ಕತ್ತಲಾಗುತ್ತಿತ್ತು, ಅಷ್ಟೇ. ದಕ್ಷಿಣ ಆಫ್ರಿಕಾದಲ್ಲಿ, ಬ್ರೆಜಿಲ್‌ನಲ್ಲಿ ಬೆಳೆಗಾರರು ಇದೇ ತೊಂದರೆಗೆ ತೋಟದಲ್ಲಿ ದೀಪ ಹಾಕಿ ಹಗಲನ್ನು ಎಳೆದು ಉದ್ದ ಮಾಡಿದ್ದಾರೆ. ಹಾಗಾದರೆ ನಾವೂ ಹಾಕೋಣ ಅಂತ ಹೊರಟೆ.

ಏಪ್ರಿಲ್, ಮೇ ಬಗ್ಗೆ ಹೆಚ್ಚು ಬರೆಯಲ್ಲ. ಎಲೆ ಅಂಚು ಸುಟ್ಟಿತು, ಎಲೆಯ ಕೆಳಗೆ ಕೆಂಪು ನುಸಿ ಬಂತು. ಒಣ ಬಿಸಿಲಲ್ಲಿ ಹಾಪ್ಸಿಗೆ ಇದೇ ದೊಡ್ಡ ಶತ್ರು. ಬೆಳಗ್ಗೆ ಪೈಪಿನಿಂದ ಎಲೆಯ ಅಡಿಗೆ ಜೋರಾಗಿ ನೀರು ಬಿಟ್ಟು ತೊಳೆಯೋದು, ವಾರಕ್ಕೊಮ್ಮೆ ಬೇವಿನ ಎಣ್ಣೆ. ಕೊನೆಗೆ ಬಳ್ಳಿಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಹಸಿರು ನೆರಳುಬಲೆ ಕಟ್ಟಿ, ಬೇರನ್ನು ಉಳಿಸಿಕೊಂಡೆ.

ಜೂನ್ ಮಳೆಗೆ ಮತ್ತೆ ಚಿಗುರಿತು. ಈ ಸಲ ಮೊದಲು ಬಳ್ಳಿ ಏರೋಕೆ ಆಸರೆ ಕಟ್ಟಿಯೇ ಮುಂದಿನ ಮಾತು ಅಂದುಕೊಂಡೆ. ನಮ್ಮದು ಎರಡು ಅಂತಸ್ತಿನ ಮನೆ. ತಾರಸಿಯ ಪ್ಯಾರಾಪೆಟ್ ಗೋಡೆಗೆ 10 ಎಂಎಂ ಆಂಕರ್ ಬೋಲ್ಟ್ ಹೊಡೆದು, ಎರಡು ಯು ಕ್ಲಾಂಪ್ ಹಾಕಿ, ಒಂದೂವರೆ ಇಂಚಿನ ಆರಡಿ ಜಿಐ ಪೈಪನ್ನು ಎರಡಡಿ ಹೊರಗೆ ಚಾಚಿಕೊಳ್ಳುವ ಹಾಗೆ ಕೂರಿಸಿದೆ. ಅಂಥವು ಎರಡು. ಅವುಗಳ ತುದಿಗೆ ಅಡ್ಡ ಇನ್ನೊಂದು ಪೈಪ್. ನೆಲದಿಂದ ಅಲ್ಲಿಗೆ 22 ಅಡಿ. ಅಲ್ಲಿಂದ ಕೆಳಗಿನ ಗೂಟಕ್ಕೆ ಒಂದೊಂದು ಗಿಡಕ್ಕೆ ಎರಡೆರಡು ನೈಲಾನ್ ಹಗ್ಗ. ಗಟ್ಟಿ ಇರುತ್ತೆ, ಕೊಳೆಯಲ್ಲ ಅಂತ ನೈಲಾನ್ ತಂದಿದ್ದೆ.

ತಪ್ಪಾದದ್ದು ಅಲ್ಲೇ. ಜೋಗಿಮಟ್ಟಿ ಗುಡ್ಡದ ಕಡೆಯಿಂದ ಆಷಾಢದಲ್ಲಿ ಬೀಸುವ ಗಾಳಿ ನಮ್ಮೂರಿನವರಿಗೆ ಗೊತ್ತು, ಗುಡ್ಡದ ಮೇಲೆ ಗಾಳಿ ಯಂತ್ರ ಸುಮ್ನೆ ನೆಟ್ಟಿಲ್ಲ ಅಲ್ವಾ. ಬಳ್ಳಿ ಒಂಬತ್ತು ಅಡಿ ಏರಿದ್ದಾಗ ಒಂದು ರಾತ್ರಿ ಇಡೀ ಬಳ್ಳಿ ಹಗ್ಗದ ಗುಂಟ ಜಾರಿ ಬುಡದಲ್ಲಿ ಮುದ್ದೆಯಾಗಿ ಬಿದ್ದಿತ್ತು. ಒಂದರ ತುದಿ ಮುರಿದಿತ್ತು. ಪಕ್ಕದ ಮನೆಯ ಅಜ್ಜ ಹಿಂದೆ ವೀಳ್ಯದೆಲೆ ತೋಟ ಮಾಡಿದವರು. ಬಂದು ಹಗ್ಗದ ಮೇಲೆ ಬೆರಳಾಡಿಸಿ ಹೇಳಿದರು, "ತಮ್ಮಾ, ಇದರಾಗ ಹಿಡಿತ ಎಲ್ಲೈತಿ? ಬಳ್ಳಿಗೆ ಒರಟು ಬೇಕು. ಕತ್ತದ ಹಗ್ಗ ಕಟ್ಟು." ನಾನು, "ಅಜ್ಜಾ, ಎಲೆಬಳ್ಳಿ ಹಾಗೆ ಇದು ಬೇರು ಬಿಟ್ಟು ಅಂಟಿಕೊಳ್ಳಲ್ಲ, ಸುತ್ತಿಕೊಳ್ಳೋದು" ಅಂದೆ. "ಸುತ್ತಿಕೊಳ್ಳೋಕೂ ಒರಟೇ ಬೇಕು" ಅಂದರು.

ಕಾಂಡವನ್ನು ಹತ್ತಿರದಿಂದ ನೋಡಿದರೆ ಅವರ ಮಾತು ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಅದು ದುಂಡಗಿಲ್ಲ. ಆರು ಏಣು ಇವೆ. ಪ್ರತಿ ಏಣಿನ ಮೇಲೂ ಕೆಳಮುಖವಾಗಿ ಬಾಗಿದ ಸಣ್ಣ ಕೊಕ್ಕೆಯಂಥ ಗಡಸು ಕೂದಲು. ತುದಿಯಿಂದ ಬುಡಕ್ಕೆ ಬೆರಳೆಳೆದರೆ ನುಣುಪು, ಬುಡದಿಂದ ತುದಿಗೆ ಎಳೆದರೆ ಗರಗಸ. ಬಳ್ಳಿ ಮೇಲೇರಬಹುದು, ಕೆಳಗೆ ಜಾರಬಾರದು ಅನ್ನೋದಕ್ಕೇ ಮಾಡಿದ ಹಾಗಿದೆ. ನೈಲಾನಿನ ನುಣುಪಿನ ಮೇಲೆ ಆ ಕೊಕ್ಕೆಗೆ ಏನೂ ಸಿಗುವುದಿಲ್ಲ, ತೆಂಗಿನ ನಾರಿನಲ್ಲಿ ಕೂತುಬಿಡುತ್ತದೆ. ತೋಳು ತುಂಬ ಬಟ್ಟೆ ಹಾಕದೆ ಕೆಲಸ ಮಾಡಿದರೆ ಮೊಳಕೈ ಒಳಗೆಲ್ಲ ಕೆಂಪು ಗೀರು ಬಿದ್ದು ಎರಡು ದಿನ ಉರಿಯುತ್ತದೆ. ಯಾಕಿಮಾ ಕಣಿವೆಯ ದೊಡ್ಡ ತೋಟಗಳಲ್ಲೂ ತೆಂಗಿನ ನಾರಿನ ಹಗ್ಗವನ್ನೇ ಕಟ್ಟುತ್ತಾರೆ ಅಂತ ಆಮೇಲೆ ತಿಳಿಯಿತು. ತೆಂಗು ಬೆಳೆಯುವ ನಾಡಿನಲ್ಲಿ ಕೂತು ನಾನು ನೈಲಾನ್ ಕೊಂಡಿದ್ದೆ.

ಬಿಚ್ಚಿದ್ದು ಬಿಚ್ಚಾಯಿತು, ಜೊತೆಗೆ ಇನ್ನೊಂದು ಬದಲಾವಣೆ ಮಾಡಿಬಿಟ್ಟೆ. ನಮ್ಮ ಹಳೇ ಬಾವಿಯ ಎರಡು ಕಬ್ಬಿಣದ ರಾಟೆ ಅಟ್ಟದ ಮೇಲೆ ಬಿದ್ದಿದ್ದವು. ತುಕ್ಕು ಉಜ್ಜಿ, ಗ್ರೀಸ್ ಹಚ್ಚಿ, ಮೇಲಿನ ಅಡ್ಡ ಪೈಪಿಗೆ ತೂಗುಹಾಕಿದೆ. ಕತ್ತದ ಹಗ್ಗಗಳನ್ನು ಎರಡಡಿ ಬಿದಿರು ದಬ್ಬೆಗೆ ಕಟ್ಟಿ, ಆ ದಬ್ಬೆಯನ್ನು ರಾಟೆ ಮೇಲಿಂದ ಬರುವ ದಪ್ಪ ಹಗ್ಗಕ್ಕೆ ಬಿಗಿದೆ. ಈಗ ಕೊಯ್ಲಿಗೆ ಏಣಿ ಹತ್ತುವ ಕೆಲಸವಿಲ್ಲ. ಬಳ್ಳಿ ಸಮೇತ ಕೆಳಗಿಳಿಸಬಹುದು, ಜೋರು ಗಾಳಿ ಇದ್ದರೆ ನಾಲ್ಕಡಿ ತಗ್ಗಿಸಿ ಕಟ್ಟಬಹುದು. ಇಡೀ ಕಟ್ಟೋಣದಲ್ಲಿ ನನಗೆ ತುಂಬಾ ಇಷ್ಟವಾದದ್ದು ಈ ರಾಟೆಯೇ.

ಬಳ್ಳಿಯನ್ನು ಹಗ್ಗಕ್ಕೆ ಸುತ್ತುವಾಗ ದಿಕ್ಕು ನೋಡಬೇಕು. ಹಾಪ್ಸ್ ಸುತ್ತೋದು ಪ್ರದಕ್ಷಿಣೆ ಹಾಕುವ ದಿಕ್ಕಿಗೆ. ಪಕ್ಕದಲ್ಲೇ ಇರುವ ಬೀನ್ಸ್ ಬಳ್ಳಿ ಅಪ್ರದಕ್ಷಿಣೆ. ಬಳ್ಳಿಗಳಲ್ಲಿ ಹೆಚ್ಚಿನವು ಬೀನ್ಸ್ ಕಡೆಯವೇ, ಹಾಪ್ಸ್ ಕಡೆ ಸುತ್ತುವವು ಕಡಿಮೆ. ಉಲ್ಟಾ ಸುತ್ತಿದರೆ ರಾತ್ರಿ ಕಳೆಯುವಷ್ಟರಲ್ಲಿ ಬಿಚ್ಚಿಕೊಂಡು ಗಾಳಿಯಲ್ಲಿ ತಡಕಾಡುತ್ತಿರುತ್ತದೆ. ಚಾರ್ಲ್ಸ್ ಡಾರ್ವಿನ್ ಕಾಯಿಲೆ ಬಿದ್ದಿದ್ದಾಗ ಕೋಣೆಯಲ್ಲೇ ಒಂದು ಹಾಪ್ಸ್ ಗಿಡ ಇಟ್ಟುಕೊಂಡು ತುದಿ ಹೇಗೆ ತಿರುಗುತ್ತೆ ಅಂತ ನೋಡಿದ್ದ. ಬಿಸಿಲಿನ ದಿನಗಳಲ್ಲಿ ಒಂದು ಸುತ್ತಿಗೆ ಸರಾಸರಿ 2 ಗಂಟೆ 8 ನಿಮಿಷ ಅಂತ ಬರೆದಿಟ್ಟಿದ್ದಾನೆ. ಒಂದು ಭಾನುವಾರ ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿ ನಾನೂ ಕೂತೆ. ನಮ್ಮ ಬಳ್ಳಿಗೆ ಎರಡೂಕಾಲು ಗಂಟೆ ಹಿಡಿಯಿತು. ಗಿಡ ಚಲಿಸುವುದನ್ನು ಕಣ್ಣಾರೆ ಕಂಡೆ ಅನ್ನುವ ಖುಷಿ ಆ ಇಡೀ ವಾರ ಇತ್ತು.

ಈಗ ದೀಪದ ಕೆಲಸ. ಗಿಡ ಇಲ್ಲಿ ಲೆಕ್ಕ ಇಡುವುದು ಕತ್ತಲೆಯ ಉದ್ದವನ್ನು, ಹಾಗಾಗಿ ಸಂಜೆ ಹಾಕುವ ಬೆಳಕು ಆಹಾರವಾಗುವಷ್ಟು ಜೋರಾಗಿ ಇರಬೇಕಿಲ್ಲ, ಇನ್ನೂ ರಾತ್ರಿಯಾಗಿಲ್ಲ ಅನ್ನಿಸಿದರೆ ಸಾಕು. 9 ವ್ಯಾಟಿನ ಐದು ಎಲ್‌ಇಡಿ ಬಲ್ಬು, ವಾರ್ಮ್ ವೈಟ್, ಕೆಂಪು ಅಂಶ ಜಾಸ್ತಿ ಇರುತ್ತೆ ಅಂತ. ಶಾಮಿಯಾನದವರು ಬಳಸುವ ರಬ್ಬರ್ ಹೋಲ್ಡರಿನ ವೈರ್ ತಂದು ಎರಡು ಗಿಡದ ನಡುವೆ ಮೇಲಿಂದ ಕೆಳಗೆ ಇಳಿಬಿಟ್ಟೆ. ಪ್ರತಿ ಬಲ್ಬಿನ ಮೇಲೆ ಅರ್ಧ ಕತ್ತರಿಸಿದ ನೀರಿನ ಬಾಟಲಿಯ ಕೊಡೆ. ಮಳೆ, ನೀರು, ಕರೆಂಟ್ ಒಂದೇ ಕಡೆ ಇರುವ ಜಾಗ ಇದು, ಎಲೆಕ್ಟ್ರಿಷಿಯನ್ನನ್ನೇ ಕರೆಸಿ ಆ ಲೈನಿಗೆ ಪ್ರತ್ಯೇಕ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿದೆ. ಅದನ್ನು ಮಾತ್ರ ಯಾರೂ ಬಿಡಬೇಡಿ. ಸಂಜೆ ಆರೂವರೆಯಿಂದ ಹನ್ನೊಂದರವರೆಗೆ ಉರಿದರೆ ಒಟ್ಟು ಹಗಲು 17 ಗಂಟೆ ಆಗುತ್ತದೆ. ಖರ್ಚು ದಿನಕ್ಕೆ 0.2 ಯೂನಿಟ್, ಎಪ್ಪತ್ತೈದು ದಿನಕ್ಕೆ ಸುಮಾರು 15 ಯೂನಿಟ್.

ಮೂರು ವಾರ ಚೆನ್ನಾಗಿ ಏರಿತು. ಆಮೇಲೆ ಕೆಳಗಿನ ಗೆಣ್ಣುಗಳಲ್ಲಿ ಹೂವಿನ ಮೊಗ್ಗು ಕಾಣಿಸಿತು. ದೀಪ ಉರಿಯುತ್ತಲೇ ಇದೆ, ಮತ್ತೆ ಇದೇನು? ಒಂದು ಸಂಜೆ ಕಾದು ಕೂತಾಗ ಸಿಕ್ಕಿತು. ಆರೂವರೆಗೆ ಹತ್ತಬೇಕಾದ ದೀಪ ಹತ್ತಿದ್ದು ಒಂಬತ್ತೂಮುಕ್ಕಾಲಿಗೆ. ನಾನು ಹಾಕಿದ್ದು ಮುಳ್ಳು ತಿರುಗುವ ಹಳೇ ಥರದ ಟೈಮರ್. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಮಳೆಗಾಲದಲ್ಲಿ ದಿನಾ ಅರ್ಧ ಗಂಟೆ, ಮುಕ್ಕಾಲು ಗಂಟೆ ಹೋಗಿ ಹೋಗಿ ಮೂರೂಕಾಲು ಗಂಟೆ ಹಿಂದೆ ಬಿದ್ದಿತ್ತು. ಸಂಜೆಯ ಕತ್ತಲು ಮೂರು ಗಂಟೆ, ಆಮೇಲೆ ಮಧ್ಯರಾತ್ರಿ ದಾಟಿ ಬೆಳಕು. ಗಿಡಕ್ಕೆ ಲೆಕ್ಕ ತಪ್ಪಿದ್ದು ಇದರಿಂದಲೇ ಇರಬಹುದು, ಖಚಿತವಾಗಿ ಹೇಳಲಾರೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ, ಲೈನನ್ನು ಮನೆಯ ಇನ್ವರ್ಟರಿಗೆ ಸೇರಿಸಿದೆ. ಮೊಗ್ಗು ಬಂದ ಪಕ್ಕದ ಕುಡಿಗಳನ್ನು ಚಿವುಟಿದೆ. ಎಂಟು ಹತ್ತು ದಿನದಲ್ಲಿ ತುದಿ ಮತ್ತೆ ಓಡತೊಡಗಿತು. ಸೆಪ್ಟೆಂಬರ್ ಎರಡನೇ ವಾರ ಒಂದು ಬಳ್ಳಿ 19 ಅಡಿ, ತುದಿ ಮುರಿದದ್ದು 15.

ರಾತ್ರಿ ಹೊತ್ತು ಹಿತ್ತಲಲ್ಲಿ ದೀಪ, ಅದರ ನಡುವೆ ಹಸ್ತದ ಹಾಗೆ ಸೀಳಿದ ಎಲೆಯ ಬಳ್ಳಿ ನೋಡಿದರೆ ಯಾರಿಗಾದರೂ ಪ್ರಶ್ನೆ ಬರುತ್ತದೆ. ಬೀದಿಯ ಒಬ್ಬರು ನೇರವಾಗಿ ಕೇಳಿದರು, ಇದು ಗಾಂಜಾ ಜಾತಿಯದಾ ಅಂತ. ಪ್ರಶ್ನೆ ತಪ್ಪಲ್ಲ, ಒಂದೇ ಕುಟುಂಬವೇ. ಹಾಪ್ಸ್ ಮತ್ತು ಗಾಂಜಾ ಅಕ್ಕತಂಗಿಯರ ಹಾಗೆ: ಗಂಡು ಹೆಣ್ಣು ಬೇರೆ ಬೇರೆ ಗಿಡ, ಹೆಣ್ಣು ಹೂವಿನಲ್ಲಿ ಅಂಟು ಗ್ರಂಥಿ, ಆ ಮಿರ್ಸೀನ್, ಕ್ಯಾರಿಯೋಫಿಲೀನ್ ಎರಡರಲ್ಲೂ. ಆದರೆ ನಶೆ ತರುವ ಟಿಎಚ್‌ಸಿ ಹಾಪ್ಸಿನಲ್ಲಿ ಇಲ್ಲ. ಎಲೆ ನೋಡಿದರೂ ಬೇರೆ, ಇದು ದ್ರಾಕ್ಷಿ ಎಲೆಯ ಕಡೆಗೆ ಹೋಗುತ್ತದೆ, ಗಾಂಜಾದ್ದು ಬೆರಳು ಬೆರಳಾಗಿ ಬಿಡಿಬಿಡಿ. ನಮ್ಮ ಪಶ್ಚಿಮ ಘಟ್ಟದಲ್ಲಿ ಕಾಡು ಕಡಿದ ಜಾಗದಲ್ಲಿ ಮೊದಲು ಎದ್ದು ನಿಲ್ಲುವ ಟ್ರೆಮಾ ಮರವೂ ಇದೇ ಕುಟುಂಬ.

ಸ್ವಲ್ಪ ದೂರದ ದಾಯಾದಿಗಳು ಇನ್ನೂ ಚೆನ್ನಾಗಿ ಗೊತ್ತಿರುವವರು. ಹಿಂದೆ ಹಾಪ್ಸನ್ನು ಹಿಪ್ಪುನೇರಳೆಯ ಕುಟುಂಬದಲ್ಲೇ ಇಡುತ್ತಿದ್ದರು. ಅದೇ ಹಿಪ್ಪುನೇರಳೆ, ನಮ್ಮ ಜಿಲ್ಲೆಯಲ್ಲಿ ರೇಷ್ಮೆ ಹುಳುವಿಗೆ ಹಾಕುವ ಸೊಪ್ಪು. ಆಲ, ಅತ್ತಿ, ಹಲಸು ಕೂಡ ಆ ಮನೆಯವು. ಒಂದು ಹಿಪ್ಪುನೇರಳೆ ಎಲೆ ತಂದು ಅಕ್ಕಪಕ್ಕ ಹಿಡಿದು ತೊಟ್ಟು ಚಿವುಟಿ ನೋಡಿದೆ. ಹಿಪ್ಪುನೇರಳೆಯಲ್ಲಿ ಬಿಳಿ ಹಾಲು ಒಸರಿತು, ಹಾಪ್ಸಿನಲ್ಲಿ ಬರೀ ನೀರು. ಎರಡೂ ಮನೆ ಪಾಲಾದದ್ದು ಯಾಕೆ ಅನ್ನೋದು ಆ ಒಂದು ಹನಿಯಲ್ಲೇ ಕಾಣುತ್ತದೆ.

ಸೆಪ್ಟೆಂಬರ್ 15ಕ್ಕೆ ದೀಪ ಆರಿಸಿದೆ. ಹಗಲು ಒಮ್ಮೆಲೇ 17 ಗಂಟೆಯಿಂದ 12ಕ್ಕೆ ಬಿತ್ತು. ಇಪ್ಪತ್ತು ದಿನದಲ್ಲಿ ಪ್ರತಿ ಪಕ್ಕದ ಕುಡಿಯಲ್ಲೂ ಬಿಳಿ ನೂಲಿನ ಮುಳ್ಳುಚೆಂಡಿನಂಥ ಹೂವು, ಅದು ಮೆಲ್ಲಗೆ ಪದರ ಪದರದ ಹಸಿರು ಕೋನ್ ಆಗುತ್ತಾ ಹೋಯಿತು. ನವೆಂಬರ್ ಮಧ್ಯಕ್ಕೆ ಹಿಚುಕಿ ನೋಡಿದರೆ ತೇವ ಹೋಗಿ ಕಾಗದದ ಸದ್ದು, ಬಿಟ್ಟರೆ ಮತ್ತೆ ಉಬ್ಬುತ್ತದೆ. ಒಂದನ್ನು ಉದ್ದಕ್ಕೆ ಸೀಳಿದೆ. ಪ್ರತಿ ಪದರದ ಬುಡದಲ್ಲಿ ಹಳದಿ ಪುಡಿ, ಅರಿಶಿನ ಸಿಂಪಡಿಸಿದ ಹಾಗೆ. ಉಗುರಿಗೆ ಅಂಟುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಪುಡಿ ಅಲ್ಲ, ಒಂದೊಂದೂ ಹೊಳೆಯುವ ಗುಂಡು. ಲುಪುಲಿನ್ ಅಂದರೆ ಇದೇ. ಹಾಪ್ಸಿನ ಕಹಿ, ಘಮ ಎಲ್ಲ ಇದರೊಳಗೇ ಇರೋದು.

ರಾಟೆ ಬಿಟ್ಟು ಬಳ್ಳಿ ಇಳಿಸಿ, ಚಾಪೆ ಹಾಸಿ ಅಜ್ಜ, ಅವ್ವ, ನಾನು ಮೂರು ಗಂಟೆ ಕೂತು ಬಿಡಿಸಿದೆವು. ಬೆರಳೆಲ್ಲ ಕಪ್ಪು ಅಂಟು, ಸೋಪಿಗೆ ಹೋಗಲ್ಲ, ಕೊಬ್ಬರಿ ಎಣ್ಣೆ ಹಚ್ಚಿದರೆ ಹೋಗುತ್ತದೆ. ಮೊರದಲ್ಲಿ ಹರಡಿ ನೆರಳಲ್ಲಿ ಫ್ಯಾನ್ ಕೆಳಗೆ ಮೂರು ದಿನ ಒಣಗಿಸಿದೆ. ಬಿಸಿಲಿಗೆ ಇಡಬಾರದು, ಘಮ ಹಾರಿಹೋಗುತ್ತದೆ. ಕೋನ್ ನಡುವಿನ ಕಡ್ಡಿ ಬಾಗದೆ ಟಕ್ ಅಂತ ಮುರಿದರೆ ಒಣಗಿದೆ ಅಂತ ಲೆಕ್ಕ.

ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವ ಹಾಗಿಲ್ಲ. ನನಗೆ ಬೇಕಿದ್ದದ್ದೂ ಹಾಪ್ಸಿನ ರುಚಿಯೇ, ಹಾಗಾಗಿ ನೀರಲ್ಲೇ ನೋಡಿದೆ. ಎರಡು ಪಾತ್ರೆ, ಲೀಟರಿಗೆ 2 ಗ್ರಾಂ. ಒಂದಕ್ಕೆ ಕುದಿ ನಿಂತ ಬಿಸಿ ನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟೆ. ಇನ್ನೊಂದನ್ನು ಒಂದು ಗಂಟೆ ಕುದಿಸಿದೆ. ಮೊದಲನೆಯದರಲ್ಲಿ ಘಮವೇ ಘಮ, ಕಹಿ ನಾಲಿಗೆ ತುದಿಗಷ್ಟೇ. ಎರಡನೆಯದರಲ್ಲಿ ಘಮವಿಲ್ಲ, ಗಂಟಲಿಗಿಳಿಯುವ ಕಹಿ. ಹಾಪ್ಸಿನ ಆಲ್ಫಾ ಆಮ್ಲ ಕುದಿಯುವಾಗ ರಚನೆ ಬದಲಿಸಿಕೊಂಡು ಐಸೋ ಆಲ್ಫಾ ಆಮ್ಲ ಆಗುತ್ತದೆ, ಆಗಲೇ ಅದು ನೀರಲ್ಲಿ ಚೆನ್ನಾಗಿ ಬೆರೆತು ಕಹಿ ಬಿಡೋದು. ಎಣ್ಣೆ ಮಾತ್ರ ಅಷ್ಟು ಹೊತ್ತಿಗೆ ಆವಿಯಾಗಿರುತ್ತದೆ. ಅದಕ್ಕೇ ಬಿಯರ್ ಮಾಡುವವರು ಕಹಿಗೆ ಮೊದಲೇ ಒಂದು ಪಾಲು, ಘಮಕ್ಕೆ ಇಳಿಸುವ ಮುಂಚೆ ಒಂದು ಪಾಲು ಹಾಕುತ್ತಾರೆ, ನಾವು ಸಾರಿಗೆ ಕೊತ್ತಂಬರಿ ಸೊಪ್ಪು ಕೊನೆಗೆ ಉದುರಿಸುವ ಹಾಗೆ. ಬೋರ್‌ವೆಲ್ ನೀರಲ್ಲಿ ಕುದಿಸಿದಾಗ ಕಹಿ ಒಗರೊಗರಾಗಿ ಹಿಡಿದುಕೊಂಡಿತು. ನಮ್ಮ ನೀರು ಕ್ಷಾರ. ಫಿಲ್ಟರ್ ನೀರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದ ಮೇಲೆ ಸರಿಹೋಯಿತು. ಮೊದಲ ಪಾತ್ರೆಯದನ್ನು ತಣ್ಣಗೆ ಮಾಡಿ ಗೋಲಿ ಸೋಡಾದ ಜೊತೆ ಅರ್ಧಕ್ಕರ್ಧ ಬೆರೆಸಿ, ಮಂಡಕ್ಕಿ ಮಿರ್ಚಿ ಜೊತೆ ಕುಡಿದೆವು. ಖಾರದ ಮೇಲೆ ಆ ತೆಳು ಕಹಿ ತುಂಬಾ ಹಿಡಿಸಿತು.

ಕುದಿಸಿದ ಕಹಿ ನೀರನ್ನು ಚೆಲ್ಲಲು ಮನಸ್ಸಾಗಲಿಲ್ಲ. ಹಾಪ್ಸ್ ಬಿಯರಿಗೆ ಬಂದದ್ದೇ ಮುಖ್ಯವಾಗಿ ಕೆಡದಿರಲಿ ಅಂತ. 12ನೇ ಶತಮಾನದಲ್ಲೇ ಜರ್ಮನಿಯ ಸನ್ಯಾಸಿನಿ ಹಿಲ್ಡೆಗಾರ್ಡ್ ಹಾಪ್ಸಿನ ಕಹಿ ಪಾನೀಯವನ್ನು ಕೆಡದಂತೆ ಕಾಯುತ್ತದೆ ಅಂತ ಬರೆದಿದ್ದಾಳೆ. 1516ರ ಬವೇರಿಯಾ ಕಾನೂನು ಬಾರ್ಲಿ, ನೀರು, ಹಾಪ್ಸ್ ಬಿಟ್ಟು ಬೇರೇನೂ ಬಿಯರಿಗೆ ಹಾಕಬಾರದು ಅಂದಿತ್ತು. ಹುಳಿ ಮಾಡುವ ಬ್ಯಾಕ್ಟೀರಿಯಾವನ್ನು ಈ ಕಹಿ ತಡೆಯುತ್ತದೆ, ಯೀಸ್ಟನ್ನು ಬಿಟ್ಟುಬಿಡುತ್ತದೆ. ಹಾಗಾದರೆ ನಮ್ಮ ಅಂಬಲಿ? ಅವ್ವನ ಹತ್ತಿರ ಕೇಳಿ ಒಂದೇ ರಾಗಿ ಅಂಬಲಿಯನ್ನು ಎರಡು ಕುಡಿಕೆಗೆ ಹಾಕಿಸಿದೆ. ಒಂದಕ್ಕೆ ಒಂದು ಲೋಟ ಹಾಪ್ಸ್ ನೀರು, ಇನ್ನೊಂದಕ್ಕೆ ಬರೀ ನೀರು. ಬೆಳಗ್ಗೆ ಬರೀ ನೀರಿನದ್ದು ದಿನದ ಹಾಗೇ ಹುಳಿ ಬಂದಿತ್ತು. ಹಾಪ್ಸಿನದ್ದು ನಿನ್ನೆ ರಾತ್ರಿ ಇದ್ದ ಹಾಗೇ ಸಪ್ಪೆ, ಮೇಲೆ ಕಹಿ. ಮಾರನೇ ರಾತ್ರಿ ಮತ್ತೆ ಮಾಡಿದೆವು, ಅದೇ ಆಯಿತು. ಅವ್ವ ಎರಡನ್ನೂ ಗುಟುಕು ನೋಡಿ, "ಹುಳಿ ಬರದಿದ್ರೆ ಅದೆಂಥಾ ಅಂಬಲಿ" ಅಂತ ಬದಿಗಿಟ್ಟರು. ಹಾಪ್ಸ್ ತನ್ನ ಕೆಲಸ ಸರಿಯಾಗಿ ಮಾಡಿತ್ತು, ಅಂಬಲಿಗೆ ಬೇಕಾದದ್ದು ಬೇರೆ.

ಉಳಿದ 38 ಗ್ರಾಂ ಗಾಳಿ ತೆಗೆದ ಕವರಿನಲ್ಲಿ ಫ್ರೀಜರಿನಲ್ಲಿದೆ. ಬಳ್ಳಿಯನ್ನು ಎರಡಡಿಗೆ ಕತ್ತರಿಸಿ, ಹಗ್ಗ ಬಿಚ್ಚಿ ಗೊಬ್ಬರದ ಗುಂಡಿಗೆ ಹಾಕಿದೆ, ಮುಂದಿನ ಸಲ ಹೊಸ ಹಗ್ಗ. ಬುಡ ಕೆದಕಿದಾಗ ಹೊಸ ಗಡ್ಡೆ ಹರಡಿದ್ದವು, ಎರಡು ತುಂಡು ತೆಗೆದು ಫ್ರಿಜ್ಜಿನಲ್ಲಿಟ್ಟಿದ್ದೇನೆ, ಒಂದು ಅಜ್ಜನಿಗೆ. ಫೆಬ್ರವರಿಯಲ್ಲಿ ಚಿಗುರು ಒಂದಡಿ ಆದ ದಿನವೇ ಟೈಮರ್ ಹಾಕುವುದು, ಏಪ್ರಿಲ್ ಬಿಸಿಲಿಗೆ ಮೊದಲು ಎಷ್ಟು ಏರುತ್ತೋ ನೋಡುವುದು. ಈ ಸಲ ಡ್ರಿಪ್ ನಳಿಕೆಗೆ ಕಟ್ಟುವ ಬಿಳಿ ಸುಣ್ಣಕ್ಕೂ ಒಂದು ದಾರಿ ಹುಡುಕಬೇಕು.